ಗಣಕದ ಕಣಜ ಮತ್ತು ಹಗೇವು



ಲಿಂಗದೀಕ್ಷೆ, ವಿವಾಹ, ಗುರುಪ್ರವೇಶಗಳ ಛಾಯಾಚಿತ್ರಗಳು, ಮಠದ ಪ್ರವಚನಗಳ ಧ್ವನಿಮುದ್ರಣಗಳು, ವಿದ್ಯಾರ್ಥಿನಿಲಯಗಳ ದಾಖಲೆಗಳು, ಓಲೆಗರಿಯ ಕಟ್ಟುಗಳಿಂದ ತೆಗೆದ ಚಿತ್ರಗಳು, ಇವೆಲ್ಲ ಇಂದು ಗಣಕಯಂತ್ರದಲ್ಲಿ ಕಡತಗಳಾಗಿ ಸೇರುತ್ತಿವೆ. ಸೇರುವ ವೇಗ ಹೆಚ್ಚು, ಇರುವ ಸ್ಥಳ ಮಿತ. ಯಾವುದನ್ನು ಕೈಗೆಟಕುವಂತೆ ಇಡಬೇಕು, ಯಾವುದನ್ನು ದೂರದಲ್ಲಿಟ್ಟರೂ ನಡೆಯುತ್ತದೆ ಎಂಬ ಪ್ರಶ್ನೆ ಪ್ರತಿಯೊಂದು ಸಂಸ್ಥೆಗೂ, ಈಗೀಗ ಪ್ರತಿಯೊಂದು ಮನೆಗೂ ಎದುರಾಗುತ್ತಿದೆ. ಆ ವಿಂಗಡಣೆಯನ್ನು ಗಡಿಯಾರಕ್ಕೆ ಒಪ್ಪಿಸುವ ಬಗೆಯನ್ನೂ, ಒಪ್ಪಿಸುವಾಗ ವಹಿಸಬೇಕಾದ ಎಚ್ಚರವನ್ನೂ ಈ ಸಲ ವಿಚಾರಿಸೋಣ.

ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಿಗೆ ಈ ವಿಂಗಡಣೆ ಹೊಸದಲ್ಲ. ಅಡುಗೆಮನೆಯ ಡಬ್ಬಿಯಲ್ಲಿ ವಾರದ ಹಿಟ್ಟು, ಕಣಜದಲ್ಲಿ ಕೆಲವು ತಿಂಗಳ ಜೋಳ, ನೆಲದೊಳಗಿನ ಹಗೇವಿನಲ್ಲಿ ಬರಗಾಲಕ್ಕೆಂದು ಕಾಯ್ದಿಟ್ಟ ಕಾಳು. ಹಗೇವಿನ ಬಾಯಿ ತೆರೆದೊಡನೆ ಒಳಗಿಳಿಯುವಂತಿರಲಿಲ್ಲ. ಕೆಟ್ಟ ಗಾಳಿ ಹೊರಹೋಗುವ ತನಕ ಕಾದು, ದೀಪವನ್ನು ಇಳಿಬಿಟ್ಟು ಪರೀಕ್ಷಿಸಿದ ಮೇಲೆಯೇ ಇಳಿಯಬೇಕಿತ್ತು. ಗಣಕದಲ್ಲಿಯೂ ಹಾಗೆಯೇ. ಅತಿವೇಗದ, ದುಬಾರಿಯಾದ ಎಸ್‌ಎಸ್‌ಡಿ ಡಬ್ಬಿಯಂತೆ, ಸಾಧಾರಣ ಹಾರ್ಡ್ ಡಿಸ್ಕ್ ಕಣಜದಂತೆ, ಟೇಪು ಹಗೇವಿನಂತೆ. ೧೯೭೪ರಲ್ಲಿಯೇ ಐಬಿಎಂ ಸಂಸ್ಥೆಯು ಜೇನುಗೂಡಿನಂಥ ಗೂಡುಗಳಲ್ಲಿ ಟೇಪಿನ ಉರುಳೆಗಳನ್ನಿರಿಸಿ, ಬೇಕಾದಾಗ ಅವುಗಳಲ್ಲಿನ ಮಾಹಿತಿಯನ್ನು ಡಿಸ್ಕಿಗೆ ತಂದುಕೊಡುವ ಯಂತ್ರವೊಂದನ್ನು ಪ್ರಕಟಿಸಿತ್ತು. ಇಂದು ಅಂತರಜಾಲದ ಮೂಲಕ ಬಾಡಿಗೆಗೆ ದೊರೆಯುವ ಅಮೆಜಾನಿನ 'ಗ್ಲೇಸಿಯರ್ ಡೀಪ್ ಆರ್ಕೈವ್' ಎಂಬ ಅತಿ ಅಗ್ಗದ ಉಗ್ರಾಣದಲ್ಲಿಟ್ಟ ಕಡತವನ್ನು ಹಿಂದಕ್ಕೆ ಪಡೆಯಲು ಸಾಮಾನ್ಯವಾಗಿ ೧೨ ಗಂಟೆಗಳವರೆಗೆ ಕಾಯಬೇಕು. ಅಗ್ಗವಾದದ್ದು ನಿಧಾನ.

ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಕಡತಗಳನ್ನು ಇಳಿಸುವವರು ಯಾರು? ಮನುಷ್ಯನಿಗೆ ಬಿಟ್ಟರೆ ಕೆಲಸ ಮರೆತುಹೋಗುತ್ತದೆ. ಅದಕ್ಕಾಗಿಯೇ ಯೂನಿಕ್ಸ್ ವ್ಯವಸ್ಥೆಯಲ್ಲಿ ೧೯೭೦ರ ದಶಕದಿಂದಲೂ 'ಕ್ರಾನ್' ಎಂಬ ಕಾಲಪಾಲಕನಿದ್ದಾನೆ. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂಬ ಐದು ಅಂಕಣಗಳನ್ನು ತುಂಬಿ ಮಾಡಬೇಕಾದ ಕೆಲಸವನ್ನು ಬರೆದಿಟ್ಟರೆ, ಆತ ತಪ್ಪದೆ ನಡೆಸುತ್ತಾನೆ. ಆದರೆ ಆತ ಅಕ್ಷರವನ್ನು ಪಾಲಿಸುವವನು, ಅಭಿಪ್ರಾಯವನ್ನಲ್ಲ. ತಾರೀಖಿನ ಅಂಕಣದಲ್ಲಿ ೧ ಎಂದೂ ವಾರದ ಅಂಕಣದಲ್ಲಿ ಸೋಮವಾರವೆಂದೂ ಬರೆದವರು, ಒಂದನೆಯ ತಾರೀಖು ಸೋಮವಾರವಾದಾಗ ಮಾತ್ರ ಕೆಲಸ ನಡೆಯುವುದೆಂದು ಭಾವಿಸುತ್ತಾರೆ. ನಡೆಯುವುದು ಪ್ರತಿ ಸೋಮವಾರವೂ, ಪ್ರತಿ ಒಂದನೆಯ ತಾರೀಖೂ! ಇನ್ನೊಂದು ಸಂಗತಿ ನಮ್ಮ ಊರುಗಳಿಗೆ ಮುಖ್ಯವಾದದ್ದು. ರಾತ್ರಿ ಎರಡು ಗಂಟೆಗೆ ಗೊತ್ತುಮಾಡಿದ ಕೆಲಸದ ಹೊತ್ತಿಗೆ ವಿದ್ಯುತ್ ಹೋಗಿ ಯಂತ್ರ ಆರಿದ್ದರೆ, ಕ್ರಾನ್ ಆ ಕೆಲಸವನ್ನು ಬೆಳಿಗ್ಗೆ ನೆನಪಿಸಿಕೊಳ್ಳುವುದಿಲ್ಲ. ಅದಕ್ಕೆ 'ಅನಾಕ್ರಾನ್' ಎಂಬ ಬೇರೆ ಸಾಧನವಿದೆ. ವಿಂಡೋಸ್‌ನ ಕಾರ್ಯನಿಯೋಜಕದಲ್ಲಿ, ತಪ್ಪಿದ ಕೆಲಸವನ್ನು ಸಾಧ್ಯವಾದಷ್ಟು ಬೇಗ ನಡೆಸು ಎಂಬ ಆಯ್ಕೆಯನ್ನು ನಾವೇ ಗುರುತಿಸಬೇಕು.

ಯಾವ ಕಡತ ಹಳತು ಎಂಬ ನಿರ್ಣಯವೂ ಸುಲಭವಲ್ಲ. ಆರು ತಿಂಗಳಿಂದ ಯಾರೂ ಓದದಿದ್ದರೆ ಕೆಳಗಿಳಿಸು ಎಂಬ ನಿಯಮ ಮೇಲ್ನೋಟಕ್ಕೆ ನ್ಯಾಯವಾಗಿದೆ. ಆದರೆ ವೈರಸ್ ತಪಾಸಣೆಯ ತಂತ್ರಾಂಶವು ವಾರಕ್ಕೊಮ್ಮೆ ಎಲ್ಲವನ್ನೂ ತೆರೆದು ನೋಡುತ್ತಿದ್ದರೆ, ಅದೂ ಓದಿದಂತೆ ದಾಖಲಾಗಿ, ಯಾವ ಕಡತವೂ ಹಳತಾಗದೆ ಉಳಿಯಬಹುದು. ಈಗಾಗಲೇ ಟೇಪಿಗೆ ಇಳಿದವನ್ನು ತಪಾಸಣೆಗೆಂದು ಒಂದೇ ರಾತ್ರಿಯಲ್ಲಿ ಮೇಲಕ್ಕೆ ಕರೆಸಿ ಡಿಸ್ಕನ್ನು ಉಸಿರುಗಟ್ಟಿಸುವುದೂ ಉಂಟು. ಆದುದರಿಂದ ಕೆಳಮೆಟ್ಟಿಲಿನ ಕಡತಗಳನ್ನು ಮುಟ್ಟದಿರುವಂತೆ ತಪಾಸಣಾ ತಂತ್ರಾಂಶಕ್ಕೆ ಮೊದಲೇ ಹೇಳಿಡಬೇಕು.

ಇವೆಲ್ಲ ತೊಂದರೆಗಳೇ ಹೊರತು ನಷ್ಟಗಳಲ್ಲ. ನಷ್ಟ ಬರುವುದು ಅಳಿಸುವ ಆಜ್ಞೆಯಿಂದ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಮಹಾಗಣಕದಲ್ಲಿ ೨೦೨೧ರ ಡಿಸೆಂಬರ್ ೧೪ರಿಂದ ೧೬ರ ನಡುವೆ ನಡೆದುದನ್ನು ಇಲ್ಲಿ ನೆನೆಯಬೇಕು. ಅಲ್ಲಿ ಬ್ಯಾಕಪ್ ನಡೆಸುವ ಸ್ಕ್ರಿಪ್ಟ್ ಒಂದು ಹತ್ತು ದಿನಕ್ಕಿಂತ ಹಳೆಯ ದಿನಚರಿ ಕಡತಗಳನ್ನು ಅಳಿಸುವ ಕೆಲಸವನ್ನೂ ಮಾಡುತ್ತಿತ್ತು. ಅದು ಓಡುತ್ತಿರುವಾಗಲೇ ತಿದ್ದಿದ ಹೊಸ ಸ್ಕ್ರಿಪ್ಟನ್ನು ಹಳೆಯದರ ಮೇಲೆ ಬರೆದುಬಿಟ್ಟರು. ಇಂಥ ಸ್ಕ್ರಿಪ್ಟನ್ನು ಯಂತ್ರವು ಓದುತ್ತ ಓದುತ್ತಲೇ ನಡೆಸುವುದರಿಂದ, ಅರ್ಧ ಹಳೆಯದು, ಇನ್ನರ್ಧ ಹೊಸದು ಎಂಬಂತಾಗಿ, ಅಳಿಸಬೇಕಾದ ಜಾಗದ ಹೆಸರು ಖಾಲಿಯಾಯಿತು. ದಿನಚರಿಯ ಬದಲು ಸಂಶೋಧಕರ ಕಡತಗಳೇ ಅಳಿದವು. ಸುಮಾರು ೭೭ ಟೆರಾಬೈಟ್, ಸುಮಾರು ೩ ಕೋಟಿ ೪೦ ಲಕ್ಷ ಕಡತಗಳು! ತೊಂದರೆಗೊಳಗಾದ ೧೪ ತಂಡಗಳಲ್ಲಿ ನಾಲ್ಕು ತಂಡಗಳ ಕಡತಗಳನ್ನು ಬ್ಯಾಕಪ್‌ನಿಂದ ಮರಳಿ ಪಡೆಯಲಾಗಲಿಲ್ಲ. ಕಾಯುವುದಕ್ಕೆಂದು ನೇಮಿಸಿದ ಕೆಲಸವೇ ಕಳೆಯಿತು.

ನನ್ನ ಅಭಿಪ್ರಾಯದಲ್ಲಿ ಪ್ರತಿ ತೆಗೆಯುವುದನ್ನು ನಿಸ್ಸಂಕೋಚವಾಗಿ ಗಡಿಯಾರಕ್ಕೆ ಒಪ್ಪಿಸಬಹುದು, ಅಳಿಸುವುದನ್ನು ಹಾಗೆ ಒಪ್ಪಿಸಲಾಗದು. ರಾತ್ರಿ ಒಂದಕ್ಕೆ ಪ್ರತಿ, ಮೂರಕ್ಕೆ ಮೂಲದ ಅಳಿಸುವಿಕೆ ಎಂದು ಎರಡು ಹೊತ್ತುಗಳನ್ನು ಗೊತ್ತುಮಾಡುವ ಪದ್ಧತಿ ಬಹಳ ಕಡೆ ಇದೆ. ಜಾತ್ರೆಯ ದೃಶ್ಯಮುದ್ರಣಗಳು ಬಂದು ಸೇರಿದ ದಿನ ಪ್ರತಿ ತೆಗೆಯುವ ಕೆಲಸಕ್ಕೆ ಐದು ಗಂಟೆ ಹಿಡಿದರೆ, ಮೂರು ಗಂಟೆಗೆ ಅಳಿಸುವ ಆಜ್ಞೆ ಕಾಯದೆ ಬರುತ್ತದೆ. ಎರಡನೆಯ ಕೆಲಸವು ಗಡಿಯಾರವನ್ನಲ್ಲ, ಮೊದಲನೆಯ ಕೆಲಸದ ಯಶಸ್ಸನ್ನು ನೋಡಿ ಹೊರಡಬೇಕು. ಯಶಸ್ಸೆಂದರೆ ಪ್ರತಿ ಮುಗಿಯಿತೆಂಬ ಸಂದೇಶವಲ್ಲ. ಕಡತದ ಒಳಗನ್ನೆಲ್ಲ ಲೆಕ್ಕಹಾಕಿ ಪಡೆಯುವ 'ಚೆಕ್‌ಸಮ್' ಎಂಬ ಸಂಖ್ಯೆಯು ಮೂಲದಲ್ಲಿಯೂ ಪ್ರತಿಯಲ್ಲಿಯೂ ತಾಳೆಯಾಗಬೇಕು. ತಾಳೆಯಾದ ಮೇಲೂ ಮೂಲವನ್ನು ಒಂದು ತಿಂಗಳು ಬೇರೆ ಕೋಶದಲ್ಲಿ ಇರಿಸಿ, ಆನಂತರ ಒಬ್ಬರು ಪಟ್ಟಿಯನ್ನು ಕಣ್ಣಾರೆ ನೋಡಿ ಅಳಿಸುವುದು ಲೇಸು. ಆ ಒಬ್ಬರು ಯಾರೆಂಬುದು ಹೆಸರಿನಿಂದ ಗೊತ್ತಾಗಿರಬೇಕು. ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಅಲ್ಲವೆಂಬುದನ್ನು ಸಮಿತಿಗಳಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ.

ಹಗೇವಿನಲ್ಲಿಟ್ಟೆವೆಂದು ಮರೆಯುವಂತೆಯೂ ಇಲ್ಲ. ೨೦೧೫ರಲ್ಲಿ ಬಂದ ಎಲ್‌ಟಿಓ ಏಳನೆಯ ಪೀಳಿಗೆಯ ಟೇಪನ್ನು ೨೦೨೧ರ ಒಂಬತ್ತನೆಯ ಪೀಳಿಗೆಯ ಯಂತ್ರ ಓದಲಾರದು. ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಸಂಗ್ರಹಿಸಿದಾಗ ಅವರ ಕೈಗೆ ದೊರೆತವು ತಲೆಮಾರುಗಳು ಪ್ರತಿಮಾಡುತ್ತ ಬಂದ ಕಟ್ಟುಗಳೇ. ಟೇಪಿಗೂ ಆ ಪಾಳಿಯುಂಟು. ಎರಡು ಪೀಳಿಗೆಗಳು ಕಳೆಯುವ ಮುನ್ನ ಹೊಸದಕ್ಕೆ ಪ್ರತಿಮಾಡುವ ಕೆಲಸವನ್ನು ಈಗಲೇ ಗೊತ್ತುಮಾಡಿಡಬೇಕು.

ಜೊತೆಗೆ ವರ್ಷಕ್ಕೊಮ್ಮೆ, ನೆನಪಿಗೆ ಸುಲಭವೆಂದರೆ ಬಸವ ಜಯಂತಿಯ ವಾರದಲ್ಲಿ, ಕೆಳಮೆಟ್ಟಿಲಿನಿಂದ ಯಾವುದಾದರೂ ಐದು ಕಡತಗಳನ್ನು ಮೇಲಕ್ಕೆ ತರಿಸಿ, ತೆರೆದು, ಓದಿ ನೋಡುವುದು. ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡುವುದು. ಬಾರದಿದ್ದ ಕಡತದ ಹೆಸರನ್ನೂ ಅದೇ ಪುಸ್ತಕದಲ್ಲಿ ಬರೆಯುವುದು.