ಕಮಾನಿನ ಮೇಲಿನ ಹೆಸರು

ಗ್ರಂಥಾಲಯಕ್ಕೆ ವ್ಯಕ್ತಿಯ ಹೆಸರಿಡುವ ರೂಢಿ ಮುಂಬಯಿಗೆ ಹೊಸದಲ್ಲವಾದರೂ, ಹತ್ತೊಂಬತ್ತನೆಯ ಶತಮಾನದ ಹೆಸರುಗಳ ಹಿಂದೆ ಇದ್ದ ಲೆಕ್ಕವೇ ಬೇರೆ, ಸ್ಥಳೀಯ ಧುರೀಣರ ಹೆಸರನ್ನು ಸಾರ್ವಜನಿಕ ವಾಚನಾಲಯದ ಕಮಾನಿನ ಮೇಲೆ ಬರೆಸಬೇಕೆಂಬ ಇಂದಿನ ಬೇಡಿಕೆಯ ಲೆಕ್ಕವೇ ಬೇರೆ.

ಕಾಲಾಘೋಡಾದ ಡೇವಿಡ್ ಸಸೂನ್ ಗ್ರಂಥಾಲಯದ ಮೂಲ ಸಸೂನರದಲ್ಲ. ಟಂಕಸಾಲೆ ಮತ್ತು ಹಡಗುಕಟ್ಟೆಯ ಯಂತ್ರಕರ್ಮಿಗಳು 1847ರಲ್ಲಿ ತಮ್ಮ ಕಲಿಕೆಗಾಗಿ ಕಟ್ಟಿಕೊಂಡ ಸಂಸ್ಥೆಗೆ ಬಗ್ದಾದಿನಿಂದ ವಲಸೆ ಬಂದ ಈ ಯಹೂದಿ ವ್ಯಾಪಾರಿ ಅರವತ್ತು ಸಾವಿರ ರೂಪಾಯಿ ಕೊಟ್ಟುದರಿಂದ, ಮಿಕ್ಕ ವೆಚ್ಚವನ್ನು ಸರ್ಕಾರ ಹೊತ್ತು, 1870ರಲ್ಲಿ ಇಂದಿನ ಕಟ್ಟಡ ಎದ್ದು ನಿಂತಿತು. ಅದರ ಮೇಲಂತಸ್ತಿನ ಪಡಸಾಲೆಯಲ್ಲಿ ಉದ್ದ ತೋಳಿನ ಆರಾಮಕುರ್ಚಿಗಳಿವೆ. ಕೆಳಗೆ ವಾಹನಗಳ ಹಾರ್ನ್ ಮೊಳಗುತ್ತಿರುವಾಗಲೂ ಅಲ್ಲಿ ಎದೆಯ ಮೇಲೆ ಪತ್ರಿಕೆ ಹರವಿಕೊಂಡು ಕಣ್ಣು ಮುಚ್ಚಿದವರು ಕಾಣಸಿಗುತ್ತಾರೆ. ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ಗೋಪುರಕ್ಕೂ ಲಕ್ಷಗಟ್ಟಲೆ ಹಣ ಕೊಟ್ಟ ವ್ಯಾಪಾರಿ ಪ್ರೇಮಚಂದ್ ರಾಯಚಂದರು ತಮ್ಮ ಹೆಸರನ್ನಲ್ಲ, ತಾಯಿ ರಾಜಾಬಾಯಿಯ ಹೆಸರನ್ನು ಗೋಪುರಕ್ಕೆ ಇಡಿಸಿದರು. 1856ರಲ್ಲಿ ಪಾರ್ಸಿ ತರುಣರು ಕೋಟೆ ಪ್ರದೇಶದಲ್ಲಿ ಆರಂಭಿಸಿದ ವಾಚನಾಲಯದ್ದು ಇದಕ್ಕೆ ತಿರುವುಮುರುವು: ಅಲ್ಲಿ ತಾಯಿ ದೀನ್‌ಬಾಯಿ ಪೆಟಿಟ್ ತೀರಿಹೋದ ಮಗನ ನೆನಪಿಗೆಂದು ಕೊಡುಗೈಯಾದ ಕಾರಣ ಅದು ಜೆ. ಎನ್. ಪೆಟಿಟ್ ಸಂಸ್ಥೆಯಾಯಿತು. ಈ ಮೂರು ಕಡೆಯೂ ಹೆಸರಿನ ಹಿಂದೆ ಒಂದು ಜಮಾ ಬಾಬತ್ತು ಇದೆ.

ಹಣ ಕೊಡದವರಿಗೆ ಈ ಗೌರವ ಸಲ್ಲಬಾರದೆಂದು ಇದರ ಅರ್ಥವಲ್ಲ. ಭಾಯಖಳಾದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ 1975ರಲ್ಲಿ ಡಾ. ಭಾವು ದಾಜಿ ಲಾಡ್ ಅವರ ಹೆಸರು ಪಡೆದಾಗ, ಯಾರೂ ಅದನ್ನು ಅನ್ಯಾಯವೆನ್ನುವಂತಿರಲಿಲ್ಲ. ವೈದ್ಯರೂ ಸಂಸ್ಕೃತ ವಿದ್ವಾಂಸರೂ ಆಗಿದ್ದ ಅವರು ಆ ಸಂಗ್ರಹಾಲಯ ಕಟ್ಟುವ ಸಮಿತಿಯ ಕಾರ್ಯದರ್ಶಿಯಾಗಿ ದುಡಿದವರು. ಅವರು ಸಾರ್ವಜನಿಕ ಜೀವನದಲ್ಲಿದ್ದವರೇ, ಆದರೆ ಹೆಸರು ದೊರೆತದ್ದು ಆ ಮನೆಗಾಗಿ ಮಾಡಿದ ಕೆಲಸಕ್ಕೆ.

ಕಷ್ಟವಿರುವುದು ತೆರಿಗೆಯ ಹಣದಲ್ಲಿ ಎದ್ದ ಕಟ್ಟಡದ ವಿಷಯದಲ್ಲಿ. ಮಹಾರಾಷ್ಟ್ರದ 1967ರ ಗ್ರಂಥಾಲಯ ಕಾಯ್ದೆಯಲ್ಲಿ ಗ್ರಂಥಾಲಯ ಕರಕ್ಕೆ ಅವಕಾಶವಿಲ್ಲ. ಕರ್ನಾಟಕದ 1965ರ ಕಾಯ್ದೆಯಲ್ಲಿ ಅದು ಇದೆ, ಅಂದರೆ ಆಸ್ತಿ ತೆರಿಗೆ ಕಟ್ಟುವವರು ಅದರ ಜೊತೆಗೇ ಗ್ರಂಥಾಲಯಕ್ಕೆಂದು ಒಂದಿಷ್ಟು ಕಟ್ಟುತ್ತಾರೆ. ಮಹಾರಾಷ್ಟ್ರದಲ್ಲಿ ವಾಚನಾಲಯಗಳನ್ನು ಅ, ಬ, ಕ, ಡ ಎಂದು ದರ್ಜೆ ಮಾಡಿ ಸರ್ಕಾರ ಅನುದಾನ ನೀಡುತ್ತದೆ, ಗ್ರಂಥಪಾಲಕರ ಸಂಬಳ, ಹೊಸ ಪುಸ್ತಕ, ಮಳೆಗಾಲದ ತೇವಕ್ಕೆ ಅಂಟಿಕೊಳ್ಳುವ ಹಾಳೆಗಳ ರಕ್ಷಣೆ ಎಲ್ಲವೂ ಅದರಲ್ಲೇ ಆಗಬೇಕು. ಇಷ್ಟೆಲ್ಲಕ್ಕೂ ಪ್ರತಿವರ್ಷ ದುಡ್ಡು ಬೇಕು, ನಾಮಕರಣಕ್ಕೆ ಮಾತ್ರ ಒಂದು ಠರಾವು ಸಾಕು. ನಗರಸೇವಕರು ಸಭೆಗಳಲ್ಲಿ ಕೇಳುವ ಪ್ರಶ್ನೆಗಳಲ್ಲಿ ರಸ್ತೆ, ಚೌಕಗಳ ನಾಮಕರಣದ ಪಾಲು ದೊಡ್ಡದೆಂದು ಪ್ರಜಾ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯ ವರದಿಗಳು ಮತ್ತೆ ಮತ್ತೆ ತೋರಿಸಿರುವುದು ಈ ಅಗ್ಗತನದ ಕಾರಣದಿಂದಲೇ ಇರಬೇಕು.

ಅಧಿಕಾರ ಕೊಟ್ಟ ಹೆಸರನ್ನು ಅಧಿಕಾರವೇ ಕಿತ್ತುಕೊಳ್ಳುತ್ತದೆ ಎಂಬುದಕ್ಕೆ ದಿಲ್ಲಿಯ ನೆಹರೂ ಸ್ಮಾರಕ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯವು 2023ರಲ್ಲಿ ಪ್ರಧಾನಮಂತ್ರಿಗಳ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯವಾದುದು ಸಾಕ್ಷಿ. ದೇಶದ ಮೊದಲ ಪ್ರಧಾನಿಯ ಹೆಸರಿಗೇ ಆ ಗತಿ ಬಂದಿರುವಾಗ ಬಡಾವಣೆಯ ಧುರೀಣರ ಹೆಸರು ಎಷ್ಟು ಚುನಾವಣೆಗಳನ್ನು ದಾಟೀತೆಂದು ಅಭಿಮಾನಿಗಳೇ ಯೋಚಿಸಬೇಕು. ಅಭಿಮಾನ ನಿಜವಾಗಿದ್ದರೆ ಅವರು ದತ್ತಿನಿಧಿಯೊಂದನ್ನು ಇಟ್ಟು, ಅದರ ಬಡ್ಡಿಯಿಂದ ವರ್ಷವರ್ಷ ಕೊಳ್ಳುವ ಪುಸ್ತಕಗಳ ಒಳಪುಟದಲ್ಲಿ ನಾಯಕನ ಹೆಸರನ್ನು ಮುದ್ರೆ ಒತ್ತಿಸಲಿ. ಅದನ್ನು ಯಾವ ಠರಾವೂ ಅಳಿಸಲಾರದು. ಕಮಾನಿನ ಮೇಲೆ ಊರಿನ ಹೆಸರೇ ಸಾಕು. 1898ರಲ್ಲಿ ಆರಂಭವಾದ ಮುಂಬಯಿ ಮರಾಠಿ ಗ್ರಂಥ ಸಂಗ್ರಹಾಲಯವು ಇಂದಿಗೂ ಒಂದು ಊರಿನ ಮತ್ತು ಒಂದು ಭಾಷೆಯ ಹೆಸರಿನಲ್ಲೇ ನಡೆಯುತ್ತಿದೆ.