ಗೋಡೆ ಮೇಲಿನ ಹುಳ: ಹೆಸರು ಮೊದಲು, ಔಷಧ ಆಮೇಲೆ

ಹತ್ತಿ ಬಿಡಿಸಿ ಮನೆಗೆ ತಂದು ಪಡಸಾಲೆಯಲ್ಲಿ ಸುರಿದ ಮೇಲೆ ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಒಂದಿದೆ: 'ಗ್ವಾಡಿ ಮ್ಯಾಲ ಹರದಾಡ್ಲಾಕತ್ತಾವ, ಇವು ಯಾವ ಹುಳಾರೀ?' ಉತ್ತರ ಹುಡುಕದೆ ಕೆಲವರು ಹೊಲಕ್ಕೆ ತಂದು ಉಳಿದ ಔಷಧವನ್ನೇ ಮನೆಯೊಳಗೆ ಹೊಡೆಯುತ್ತಾರೆ. ಅದೇ ಕೋಣೆಯಲ್ಲಿ ಜೋಳದ ಚೀಲ ಇರುತ್ತದೆ, ಮಕ್ಕಳು ಮಲಗುತ್ತವೆ. ಇದು ನಿಲ್ಲಬೇಕು.

ಹುಳ ಕಂಡ ಕೂಡಲೇ ಒಂದೆರಡನ್ನು ಬಾಟಲಿಗೆ ಹಾಕಿ ಬೆಳಕಿನಲ್ಲಿ ನೋಡಿರಿ. ತೊಗರಿಗೆ ಬೀಳುವ ದುಂಬಿಯ ಮರಿ ಕಾಳಿನೊಳಗೇ ಬೆಳೆಯುತ್ತದೆ, ಗೋಡೆ ಹತ್ತುವುದಿಲ್ಲ. ಕಾಳಿನಲ್ಲಿ ದುಂಡನೆಯ ತೂತು ಕಾಣುತ್ತದೆ. ಅಕ್ಕಿ, ರವೆಯಲ್ಲಿ ಬಲೆ ಕಟ್ಟುವುದು ಅಕ್ಕಿ ಪತಂಗದ ಮಾಸಲು ಬಿಳಿ ಹುಳ. ಅರ್ಧ ಅಂಗುಲದ ಹುಳ, ಕಂದು ತಲೆ, ಮೈ ಮೇಲೆ ಗುಲಾಬಿ ಅಡ್ಡಪಟ್ಟಿ ಇದ್ದರೆ ಅದು ಹತ್ತಿಯ ಗುಲಾಬಿ ಕಾಯಿಕೊರಕ. ಎಳೆಯದು ಬೆಳ್ಳಗಿರುತ್ತದೆ, ಬಣ್ಣ ಒಂದನ್ನೇ ನಂಬಬೇಡಿರಿ. ರಾಶಿಯಲ್ಲಿ ಎರಡು ಹತ್ತಿಕಾಳು ಒಂದಕ್ಕೊಂದು ಅಂಟಿದ್ದರೆ ಬಿಡಿಸಿ ನೋಡಿರಿ. ಒಳಗೆ ಹುಳ ಮುದುಡಿ ಮಲಗಿದ್ದರೆ ಅನುಮಾನವೇ ಬೇಡ.

ಇದು ಹೊಸ ಹುಳವೇನಲ್ಲ. ಗುಜರಾತಿನ ಭರೂಚ್ ಹತ್ತಿಯಲ್ಲಿ ಸಿಕ್ಕ ಹುಳಕ್ಕೆ 1843ರಲ್ಲೇ ಸಾಂಡರ್ಸ್ ಎಂಬವರು ಶಾಸ್ತ್ರೀಯ ಹೆಸರಿಟ್ಟರು. 2002ರಲ್ಲಿ ಬಿಟಿ ಹತ್ತಿ, 2006ರಲ್ಲಿ ಎರಡು ಜೀನಿನ ಬಿಟಿ ಬಂದು ಇದರ ಕಾಟ ತಗ್ಗಿತ್ತು. ಆದರೆ 2010ರಲ್ಲಿ ಮೊದಲಿನದಕ್ಕೆ, 2015ರ ಹೊತ್ತಿಗೆ ಎರಡನೆಯದಕ್ಕೂ ಹುಳ ಜಗ್ಗುತ್ತಿಲ್ಲವೆಂದು ಗುಜರಾತಿನಿಂದ ವರದಿಯಾಯಿತು.

ಈ ಹುಳ ನಿಮ್ಮ ಜೋಳ, ತೊಗರಿ ತಿನ್ನಲು ಬಂದದ್ದಲ್ಲ. ಬೇಸಿಗೆ ಕಳೆಯಲು ಜಾಗ ಹುಡುಕುತ್ತಿದೆ. ಹತ್ತಿಕಾಳಿನೊಳಗೆ, ಗೋಡೆಯ ಬಿರುಕಿನಲ್ಲಿ, ಹಿತ್ತಲಿನ ಹತ್ತಿಕಟ್ಟಿಗೆಯ ಒಣಕಾಯಿಯಲ್ಲಿ ಮಲಗಿದ್ದು, ಮಳೆ ಬಿದ್ದ ಮೇಲೆ ಪತಂಗವಾಗಿ ಹೊಸ ಬೆಳೆಗೆ ಹಾರುತ್ತದೆ. ಮುಂದಿನ ವರ್ಷದ ನಷ್ಟವನ್ನು ನಾವೇ ಮನೆಯಲ್ಲಿ ಸಾಕಿದಂತೆ.

ದರ ಬರಲಿ ಎಂದು ಹತ್ತಿ ಕಾಯ್ದಿಡುವವರನ್ನು ಬೈಯುವುದು ಸುಲಭ. ಗೋದಾಮಿಲ್ಲದ ಸಣ್ಣ ರೈತ ಇನ್ನೆಲ್ಲಿ ಇಡಬೇಕು? ಆದರೂ ರೋಹಿಣಿ ಮಳೆಯೊಳಗೆ ಮನೆ ಖಾಲಿಯಾಗಲೇಬೇಕು. ಅಲ್ಲಿಯತನಕ ಹುಳ ತಿಂದ ಹತ್ತಿ ಬೇರೆ ಮಾಡಿರಿ. ಹುಳಗಳನ್ನು ಅಂಗಳಕ್ಕೆ ಗುಡಿಸದೆ ಸೋಪಿನ ನೀರಿಗೆ ಹಾಕಿರಿ. ರಾಶಿಯ ಹತ್ತಿರ ಮೋಹಕ ಬಲೆ ಕಟ್ಟಿರಿ. ಕಟ್ಟಿಗೆಯನ್ನು ಮಳೆಗೆ ಮುಂಚೆ ಉರಿಸಿ ಮುಗಿಸಿರಿ.

ಗುರುತು ಸಿಗದಿದ್ದರೆ ಬಾಟಲಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೋ, ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೋ, ಭೀಮರಾಯನಗುಡಿ ಕೃಷಿ ಕಾಲೇಜಿಗೋ ಹೋಗಿರಿ. ಹುಳ ನೋಡದೆ ಔಷಧ ಕೊಡುವ ಅಂಗಡಿಗೆ ಮಾತ್ರ ಬೇಡ. ಯಾವ ಹುಳ ಅಂತ ಕೇಳುವ ಹೆಣ್ಣುಮಕ್ಕಳಿಗೆ ಮನೆಯಲ್ಲಿ ಉತ್ತರ ಸಿಕ್ಕರೆ, ಅರ್ಧ ಔಷಧದ ಖರ್ಚು ಅಲ್ಲೇ ಉಳಿಯುತ್ತದೆ ಎಂಬುದು ನನ್ನ ಅನಿಸಿಕೆ.