ಗೃಹಯಂತ್ರ ವಿಚಾರ: ಡಿ.ವಿ.ಡಿ. ಬರೆಯುವಲ್ಲಿ ಮಂದಗತಿ

ಮನೆಯಲ್ಲಿರುವ ಯಂತ್ರವೊಂದು ಪೂರ್ತಿಯಾಗಿ ನಿಂತುಹೋದರೆ ಗೃಹಸ್ಥನಿಗೆ ಅಷ್ಟೊಂದು ಕಷ್ಟವಿಲ್ಲ. ಅದು ಕೆಟ್ಟಿತೆಂಬುದು ಎಲ್ಲರಿಗೂ ಕಾಣುತ್ತದೆ. ರಿಪೇರಿಯವನನ್ನು ಕರೆಯಿಸುತ್ತೇವೆ, ಇಲ್ಲವೆ ಹೊಸದನ್ನು ಕೊಳ್ಳುತ್ತೇವೆ. ಕೆಲಸವನ್ನು ಮಾಡುತ್ತಲೇ ಇದ್ದು, ಕಾಲು ಗಂಟೆಯ ಕೆಲಸಕ್ಕೆ ಒಂದೂಕಾಲು ಗಂಟೆಯನ್ನು ತೆಗೆದುಕೊಳ್ಳುವ ಯಂತ್ರವೇ ನಿಜವಾದ ಉಪದ್ರವವು. ಅದನ್ನು ಕೆಟ್ಟಿದೆಯೆನ್ನುವಂತಿಲ್ಲ, ನೆಟ್ಟಗಿದೆಯೆನ್ನುವಂತೆಯೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಡಿ.ವಿ.ಡಿ. ಬರೆಯುವ ಡ್ರೈವಿಗೆ ಈ ರೋಗವು ಬಂದಾಗ ಅದರ ಮೂಲವನ್ನು ಹುಡುಕುವ ಬಗೆ ಹೇಗೆಂಬುದನ್ನು ಈ ತಿಂಗಳು ಬರೆಯಬೇಕೆಂದಿದ್ದೇನೆ. ಡಿ.ವಿ.ಡಿ.ಯ ಕಾಲವೇ ಮುಗಿಯಿತಲ್ಲವೇ ಎಂದು ತರುಣ ವಾಚಕರು ನಗಬಹುದು. ಅವರು ತಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಲಿ.

ನನಗೆ ಈ ಪ್ರಸಂಗವು ಒದಗಿದುದು ನಮ್ಮ ಅಕ್ಕನ ದೆಸೆಯಿಂದ. ಅವಳಿಗೆ ಈಗ 74 ವರ್ಷ. ಮಲೆನಾಡಿನ ಒಂದು ಹಳ್ಳಿಯಲ್ಲಿದ್ದಾಳೆ. 1994ರಲ್ಲಿ ನಮ್ಮ ಅಣ್ಣನ ಮಗನ ಉಪನಯನವಾದಾಗ ಯಾರೋ ವೀಡಿಯೋ ತೆಗೆಯಿಸಿದ್ದರು. ಅದರಲ್ಲಿ ನಮ್ಮ ತಾಯಿಯವರು ವಟುವಿಗೆ ಆರತಿಯೆತ್ತಿ ಹಾಡು ಹೇಳುವ ಭಾಗವೊಂದಿದೆ. ಮುಂದೆ ಎರಡೇ ವರ್ಷಗಳಲ್ಲಿ ಅವರು ತೀರಿಕೊಂಡರು. ಅವರು ನಡೆದಾಡುವುದನ್ನೂ ನುಡಿಯುವುದನ್ನೂ ತೋರಿಸುವ ಚಿತ್ರವು ಮತ್ತೊಂದಿಲ್ಲ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಹಾಳಾಗುವ ಮೊದಲೇ ನನ್ನ ತಂಗಿಯ ಮಗನು ಅದನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟಿದ್ದನು. ಅಕ್ಕನ ದೃಷ್ಟಿಯಾದರೋ ಎರಡು ವರ್ಷದಿಂದ ಕುಂದುತ್ತ ಬಂದಿದೆ. ಶಸ್ತ್ರಚಿಕಿತ್ಸೆಯಿಂದ ತಿರುಗಿ ಬರುವಂಥದಲ್ಲವೆಂದು ವೈದ್ಯರು ಹೇಳಿಬಿಟ್ಟಿದ್ದಾರೆ. “ಕಣ್ಣು ಇನ್ನೂ ಒಂದಿಷ್ಟು ಇರೋವಾಗಲೇ ಅಮ್ಮನ್ನ ಒಂದು ಸಲ ನೋಡಬೇಕು ಕಣೋ” ಎಂದು ಅವಳು ಫೋನಿನಲ್ಲಿ ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಅಂಗೈಯಗಲದ ಫೋನಿನ ಗಾಜಿನಲ್ಲಿ ಅವಳಿಗೆ ಮುಖಗಳು ತಿಳಿಯವು. ಮನೆಯಲ್ಲಿ ದೊಡ್ಡ ಟಿ.ವಿ.ಯೂ ಹಳೆಯದೊಂದು ಡಿ.ವಿ.ಡಿ. ಪ್ಲೇಯರೂ ಇವೆ, ಆ ಪ್ಲೇಯರಿನ ಗುಂಡಿಗಳೆಲ್ಲ ಅವಳ ಬೆರಳಿಗೆ ಕಂಠಪಾಠವಾಗಿವೆ. ಆದಕಾರಣ ಡಿ.ವಿ.ಡಿ.ಯೇ ಆಗಬೇಕು, ದೀಪಾವಳಿಗೆ ಆ ಕಡೆ ಹೊರಟ ನೆಂಟರ ಕೈಯಲ್ಲಿ ಕಳುಹಿಸಬೇಕು. ಉಳಿದಿದ್ದುದು ನಾಲ್ಕು ದಿನ.

ನನ್ನ ಹೊಸ ಲ್ಯಾಪ್‌ಟಾಪಿಗೆ ಈಗಿನ ಹೆಚ್ಚಿನವುಗಳಂತೆ ಡಿ.ವಿ.ಡಿ. ಡ್ರೈವೇ ಇಲ್ಲ. 2007ರಲ್ಲಿ ಕೊಂಡ ಹಳೆಯದನ್ನು ಕಪಾಟಿನಿಂದ ಇಳಿಸಿ, ಧೂಳು ಒರಸಿ, ಹೊಸ ಡಿಸ್ಕೊಂದನ್ನು ಹಾಕಿದೆನು. ಒಂದು ಗಂಟೆ ದಾಟಿದ ಮೇಲೆ ದೋಷವಾಯಿತೆಂಬ ಸಂದೇಶವನ್ನು ತೋರಿಸಿ ಯಂತ್ರವು ಡಿಸ್ಕನ್ನು ಹೊರಕ್ಕೆ ನೂಕಿತು. ಎರಡನೆಯದು ಒಂದೂಕಾಲು ಗಂಟೆಯಲ್ಲಿ ಮುಗಿಯಿತೇನೋ ನಿಜ. ಆದರೆ ಹಾಕಿ ನೋಡಿದರೆ ಆರತಿಯ ನಡುವೆಯೇ ಚಿತ್ರವು ತಡೆದು ತಡೆದು ನಿಲ್ಲುತ್ತಿತ್ತು. ಪೇಟೆಯ ಅಂಗಡಿಯವರು ಯಂತ್ರವನ್ನು ತೆರೆದೂ ನೋಡದೆ, ಡ್ರೈವು ಮುಗಿಯಿತು, ಬದಲಾಯಿಸಬೇಕು, ಒಂದು ವಾರವಾಗುತ್ತದೆ ಎಂದರು. ಒಂದು ವಾರದ ವ್ಯವಧಾನವು ನನಗಿರಲಿಲ್ಲ. ಕೈಯಲ್ಲಿದ್ದುದು ಗಡಿಯಾರವೊಂದೇ; ಅದರಿಂದಲೇ ಆರಂಭಿಸಿದೆನು.

ವಾಚಕರು ಇಲ್ಲಿ ಸ್ವಲ್ಪ ಲೆಕ್ಕವನ್ನು ಸಹಿಸಿಕೊಳ್ಳಬೇಕು. ಡಿಸ್ಕಿನ ಮೇಲೆ 4, 8, 16 ಎಂದು ಅಚ್ಚಾಗಿರುವ ಅಂಕೆಗಳು ವೇಗದ ಪಟ್ಟುಗಳು. ಸಿ.ಡಿ.ಯಲ್ಲಿ ಒಂದು ಪಟ್ಟೆಂದರೆ ಸೆಕೆಂಡಿಗೆ 150 ಕಿಲೋಬೈಟು, ಡಿ.ವಿ.ಡಿ.ಯಲ್ಲಿ ಅದೇ ಒಂದು ಪಟ್ಟು ಸುಮಾರು 1385 ಕಿಲೋಬೈಟು, ಎಂದರೆ ಒಂಬತ್ತರಷ್ಟು. ಸಾಮಾನ್ಯವಾದ ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟು ಹಿಡಿಯುತ್ತದೆ. ಭಾಗಿಸಿ ನೋಡಿದರೆ ಒಂದು ಪಟ್ಟಿನ ವೇಗದಲ್ಲಿ ಡಿಸ್ಕು ತುಂಬಲು ಸುಮಾರು 57 ನಿಮಿಷ, ನಾಲ್ಕು ಪಟ್ಟಿನಲ್ಲಿ ಸುಮಾರು 14 ನಿಮಿಷ ಬೇಕು. ಎಂಟು ಪಟ್ಟಿನಲ್ಲಿ ಏಳೇ ನಿಮಿಷ ಸಾಕಲ್ಲವೇ ಎಂದರೆ, ಸಾಲದು. ಬರೆಹವು ಒಳಗಿನ ಸುತ್ತಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತದೆ. ಒಳಸುತ್ತು ಚಿಕ್ಕದು, ಹೊರಸುತ್ತು ದೊಡ್ಡದು. ಡ್ರೈವು ತನ್ನ ಪೂರ್ಣವೇಗವನ್ನು ಮುಟ್ಟುವುದು ಅಂಚಿನ ಹತ್ತಿರ ಹೋದ ಮೇಲೆಯೇ. ಆದುದರಿಂದ ಹತ್ತು ನಿಮಿಷವೆಂದು ಇಟ್ಟುಕೊಳ್ಳುವುದು ನ್ಯಾಯ. ಲ್ಯಾಪ್‌ಟಾಪಿನ ತೆಳ್ಳನೆಯ ಡ್ರೈವಿಗೆ ಸಾಮಾನ್ಯವಾಗಿ ಎಂಟು ಪಟ್ಟೇ ಮೇರೆ. ಮೇಜಿನ ಕಂಪ್ಯೂಟರಿನ ಡ್ರೈವು ಹದಿನಾರಕ್ಕೂ ಮೇಲೆ ಓಡುವುದನ್ನು ಕಂಡು ತಮ್ಮದು ಕೆಟ್ಟಿತೆಂದು ಕೊರಗುವವರು ವ್ಯರ್ಥವಾಗಿ ಕೊರಗುತ್ತಾರೆ.

ಈಗ ನನ್ನ ಒಂದೂಕಾಲು ಗಂಟೆಯನ್ನು ವಿಚಾರಿಸೋಣ. ಇದು ಒಂದು ಪಟ್ಟಿಗಿಂತಲೂ ಕಡಮೆಯ ವೇಗ. ಆದರೆ ಡ್ರೈವು ಒಂದು ಪಟ್ಟಿಗಿಂತ ನಿಧಾನವಾಗಿ ಬರೆಯುವುದೇ ಇಲ್ಲ. ಹಾಗಾದರೆ ಮಿಕ್ಕ ಹೊತ್ತು ಎಲ್ಲಿ ಹೋಯಿತು? ಡ್ರೈವಿನೊಳಗೆ ಬಫರೆಂಬ ಸಣ್ಣ ಕಣಜವೊಂದಿದೆ. ಕಂಪ್ಯೂಟರು ಅದನ್ನು ತುಂಬುತ್ತಿರಬೇಕು, ಡ್ರೈವು ಅದರಿಂದ ತೆಗೆದು ಬರೆಯುತ್ತಿರಬೇಕು. ಕಣಜವು ಬರಿದಾದರೆ ಮೊದಮೊದಲಿನ ಡ್ರೈವುಗಳಲ್ಲಿ ಡಿಸ್ಕೇ ಕೆಡುತ್ತಿತ್ತು. ಆಮೇಲಿನವುಗಳಲ್ಲಿ ಲೇಸರು ಬರೆಯುವುದನ್ನು ನಿಲ್ಲಿಸಿ ಕಾಯುತ್ತದೆ. ಕಣಜ ತುಂಬಿದೊಡನೆ ಬಿಟ್ಟ ಜಾಗದಿಂದಲೇ ಮುಂದುವರಿಸುತ್ತದೆ. ಎಂದ ಮೇಲೆ ನನ್ನ ಡ್ರೈವು ಆ ಹೊತ್ತಿನ ಬಹುಭಾಗವನ್ನು ಬರೆಯುವುದರಲ್ಲಿ ಕಳೆಯಲಿಲ್ಲ, ಕಾಯುವುದರಲ್ಲಿ ಕಳೆಯಿತು. ಅಂಗಡಿಯವರು ಯಾರನ್ನು ಅಪರಾಧಿಯೆಂದರೋ ಅವನು ಅನ್ನಕ್ಕಾಗಿ ಎಲೆ ಹಾಕಿಕೊಂಡು ಕುಳಿತಿದ್ದ ಅತಿಥಿಯಾಗಿರಬಹುದೆಂಬ ಶಂಕೆಯು ನನಗೆ ಹುಟ್ಟಿದುದು ಇಲ್ಲಿ.

ನಮ್ಮ ತಾರ್ಕಿಕರು ಕಾರಣವನ್ನು ನಿಶ್ಚಯಿಸಲು ಅನ್ವಯ ವ್ಯತಿರೇಕಗಳೆಂಬ ಎರಡು ಒರೆಗಲ್ಲುಗಳನ್ನು ಹೇಳುತ್ತಾರೆ. ಇದ್ದರೆ ಇರುವುದು ಅನ್ವಯ, ಇಲ್ಲದಿದ್ದರೆ ಇಲ್ಲದಿರುವುದು ವ್ಯತಿರೇಕ. ಪಾಠಶಾಲೆಯಲ್ಲಿ ಹೊಗೆಗೂ ಬೆಂಕಿಗೂ ಹಚ್ಚಿ ಕಲಿತುದನ್ನು ನಾನು ಈ ಪೆಟ್ಟಿಗೆಗೆ ಹಚ್ಚಿದೆನು. ಒಂದೊಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದವನು ಗುಣ ಕಂಡರೂ ಕಾರಣವನ್ನು ಕಾಣಲಾರನು. ಮೊದಲು ಬೇರೊಂದು ತಯಾರಿಕೆಯ ಡಿಸ್ಕನ್ನು ಹಾಕಿದೆನು. ಮಂದಗತಿಯು ಹಾಗೆಯೇ ಇತ್ತು. ಆ ದೊಡ್ಡ ಫೈಲನ್ನು ಹಾರ್ಡ್ ಡಿಸ್ಕಿನಲ್ಲಿಯೇ ಒಂದು ಕಡೆಯಿಂದ ಮತ್ತೊಂದು ಕಡೆಗೆ ನಕಲು ಮಾಡಿದೆನು. ನಾಲ್ಕೈದು ನಿಮಿಷದಲ್ಲಿ ಮುಗಿಯಿತು, ಎಂದರೆ ಉಗ್ರಾಣದಲ್ಲಿ ಕೊರತೆಯಿಲ್ಲ. ಬಳಿಕ ಬರೆಯುವುದನ್ನೇ ಬಿಟ್ಟು, ಕೊಂಡುತಂದಿದ್ದ ಹಳೆಯ ಚಲಚ್ಚಿತ್ರವೊಂದರ ಡಿಸ್ಕನ್ನು ಓದಿಸಿದೆನು. ಅದೂ ಮುಗ್ಗರಿಸಿತು! ಬರೆಯುವಾಗ ಮಾತ್ರವಲ್ಲದೆ ಓದುವಾಗಲೂ ಇರುವ ದೋಷಕ್ಕೆ ಬರೆಯುವ ಲೇಸರನ್ನು ದೂರಿ ಫಲವಿಲ್ಲ.

ಲೆನ್ಸಿಗೆ ಧೂಳು ಹಿಡಿದಿದ್ದರೂ ಹೀಗಾಗಬಹುದಷ್ಟೆ. ಗಾಳಿಯುಂಡೆಯಿಂದ ಮೆಲ್ಲನೆ ಊದಿ ನೋಡಿದೆನು, ಪ್ರಯೋಜನವಾಗಲಿಲ್ಲ. ಆಗ ಕಣ್ಣಿಗೆ ಬಿದ್ದುದು ಇನ್ನೊಂದು ಲಕ್ಷಣ: ಡಿಸ್ಕು ತಿರುಗುತ್ತಿರುವಷ್ಟು ಹೊತ್ತು ಮೌಸಿನ ಬಾಣವು ಕುಂಟುತ್ತಿತ್ತು, ಪ್ರೊಸೆಸರು ಬೇರೆ ಯಾವ ಕೆಲಸವೂ ಇಲ್ಲದೆ ಏದುಸಿರು ಬಿಡುತ್ತಿತ್ತು. ಲೆನ್ಸು ಮಸುಕಾದರೆ ಡ್ರೈವು ಒದ್ದಾಡಬೇಕು, ಪ್ರೊಸೆಸರಿಗೇಕೆ ಬೆವರು? ದೋಷವು ಇವೆರಡರ ನಡುವಣ ಹಾದಿಯಲ್ಲಿರಬೇಕು.

ಆ ಹಾದಿಯಲ್ಲಿ ಸಾಮಗ್ರಿಯನ್ನು ಸಾಗಿಸಲು ಎರಡು ಕ್ರಮಗಳುಂಟು. ಡಿ.ಎಂ.ಎ. ಎಂಬುದರಲ್ಲಿ ಪ್ರೊಸೆಸರು ಅಪ್ಪಣೆಯನ್ನಷ್ಟೇ ಕೊಡುತ್ತದೆ. ಡ್ರೈವಿಗೂ ಸ್ಮರಣೆಗೂ ನಡುವೆ ಸಾಗಾಟವು ತಾನಾಗಿ ನಡೆಯುತ್ತದೆ. ಪಿ.ಐ.ಓ. ಎಂಬ ಹಳೆಯ ಕ್ರಮದಲ್ಲಿ ಪ್ರತಿಯೊಂದು ತುಣುಕನ್ನೂ ಪ್ರೊಸೆಸರು ತಾನೇ ಎತ್ತಿ ಇಡಬೇಕು. ಮದುವೆಮನೆಯಲ್ಲಿ ಬಡಿಸುವವರನ್ನೆಲ್ಲ ಕಳುಹಿಸಿಬಿಟ್ಟು ಯಜಮಾನನೊಬ್ಬನೇ ಸೌಟು ಹಿಡಿದು ಅಡಿಗೆಮನೆಗೂ ಪಂಕ್ತಿಗೂ ಓಡಾಡಿದಂತೆ. ಅನ್ನವಿದ್ದರೂ ಎಲೆಗಳು ಬರಿದು, ಯಜಮಾನನಿಗೆ ಉಸಿರಿಲ್ಲ. ನನ್ನ ಯಂತ್ರವು ಪಿ.ಐ.ಓ.ಗೆ ಇಳಿದಿತ್ತು.

ಇಳಿದುದು ಹೇಗೆಂಬುದು ಇನ್ನೂ ಸ್ವಾರಸ್ಯವಾಗಿದೆ. ವಿಂಡೋಸ್ ಎಕ್ಸ್‌ಪಿಯು ಡ್ರೈವಿನೊಡನೆ ನಡೆಯುವ ವ್ಯವಹಾರದಲ್ಲಿ ತಪ್ಪುಗಳನ್ನು ಎಣಿಸುತ್ತದೆ. ಉತ್ತರವು ಹೊತ್ತಿಗೆ ಬಾರದಿದ್ದರೆ ಒಂದು ತಪ್ಪು, ತಾಳೆ ಬೀಳದಿದ್ದರೆ ಒಂದು ತಪ್ಪು. ಒಟ್ಟು ಆರು ತಪ್ಪುಗಳಾದೊಡನೆ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ. ತಪ್ಪುಗಳು ಮುಂದುವರಿದರೆ ಮೆಟ್ಟಿಲು ಮೆಟ್ಟಿಲಾಗಿ ಕೊನೆಗೆ ಪಿ.ಐ.ಓ.ಗೆ ತಂದುಬಿಡುತ್ತದೆ. ಸಾಮಗ್ರಿಯು ಕೆಡದಿರಲೆಂಬ ಎಚ್ಚರಿಕೆಯೇ ಇದಕ್ಕೆ ಕಾರಣ, ತಪ್ಪೆನ್ನಲಾಗದು. ಆದರೆ ಇಳಿಸಿದ ಮೇಲೆ ತಾನಾಗಿ ಏರಿಸುವುದಿಲ್ಲ. ಹಿಂದೊಮ್ಮೆ ನಮ್ಮ ಮೊಮ್ಮಗನು ಗೀರು ಬಿದ್ದ ಕಾರ್ಟೂನ್ ಡಿಸ್ಕೊಂದನ್ನು ಅದರಲ್ಲಿ ಹಾಕಿ, ಅದು ಕರಕರನೆ ಒದ್ದಾಡುತ್ತಿದ್ದರೂ ಬಿಡದೆ ಮತ್ತೆ ಮತ್ತೆ ಓದಿಸಿದ್ದುದು ನನಗೆ ನೆನಪಾಯಿತು. ಮಗು ಮಾಡಿದ ತಪ್ಪನ್ನು ಡ್ರೈವಿನ ಲೆಕ್ಕಕ್ಕೆ ಬರೆದುಕೊಂಡು ಯಂತ್ರವು ಇಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡಿತ್ತೆನ್ನಬೇಕು. ಹೀಗೆ ಒಮ್ಮೆ ಹಾಳಾದ ಹುಡುಗನನ್ನು ವರ್ಷವಿಡೀ ಹಿಂದಿನ ಬೆಂಚಿನಲ್ಲಿಯೇ ಕೂರಿಸಿದ ಉಪಾಧ್ಯಾಯರನ್ನು ನಾನು ಕಂಡಿದ್ದೇನೆ. ನಾನೂ ಒಬ್ಬನಾಗಿದ್ದೆನೋ ಏನೋ.

ಪರಿಹಾರವು ಹೀಗೆ. ಮೈ ಕಂಪ್ಯೂಟರ್ ಎಂಬುದರ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ ಪ್ರಾಪರ್ಟೀಸ್, ಹಾರ್ಡ್‌ವೇರ್, ಡಿವೈಸ್ ಮ್ಯಾನೇಜರ್ ಎಂಬ ಕ್ರಮದಲ್ಲಿ ಹೋಗತಕ್ಕದ್ದು. ಅಲ್ಲಿ ಐ.ಡಿ.ಇ. ನಿಯಂತ್ರಕಗಳ ಕೆಳಗೆ ಪ್ರೈಮರಿ, ಸೆಕೆಂಡರಿ ಎಂದು ಎರಡು ಚಾನೆಲುಗಳಿರುತ್ತವೆ, ಡಿ.ವಿ.ಡಿ. ಡ್ರೈವು ಸಾಮಾನ್ಯವಾಗಿ ಸೆಕೆಂಡರಿಯಲ್ಲಿರುತ್ತದೆ. ಅದರ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಪುಟದಲ್ಲಿ ಈಗಿರುವ ಕ್ರಮವು ಯಾವುದೆಂದು ಬರೆದಿರುತ್ತದೆ. ಡಿ.ಎಂ.ಎ. ಎಂದು ಆರಿಸಿಕೊಂಡು ಯಂತ್ರವನ್ನು ಮತ್ತೆ ಆರಂಭಿಸಿದರೂ ಪಿ.ಐ.ಓ. ಎಂದೇ ತೋರಿಸಿದರೆ, ಆ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ ಪುನಃ ಆರಂಭಿಸಬೇಕು. ಹೆದರಬೇಕಾದುದಿಲ್ಲ, ವಿಂಡೋಸು ಡ್ರೈವನ್ನು ಹೊಸದಾಗಿ ಕಂಡುಕೊಳ್ಳುತ್ತದೆ, ಹಳೆಯ ತಪ್ಪುಗಳ ಲೆಕ್ಕವು ಅಳಿಸಿಹೋಗುತ್ತದೆ. ಆದರೂ ಅಮೂಲ್ಯವಾದುದನ್ನು ಮೊದಲು ಬೇರೆಡೆಗೆ ನಕಲು ಮಾಡಿಟ್ಟು ಕೈಹಾಕುವುದು ಲೇಸು. ಗೀರು ಬಿದ್ದ ಡಿಸ್ಕನ್ನು ಮತ್ತೆ ಹಾಕಿದರೆ ಲೆಕ್ಕವು ಮತ್ತೆ ಬೆಳೆಯುತ್ತದೆಂಬುದನ್ನು ಹೇಳಬೇಕಾಗಿಲ್ಲ. ಎಕ್ಸ್‌ಪಿಗೆ ತಯಾರಕರ ರಕ್ಷಣೆಯು 2014ರ ಏಪ್ರಿಲಿನಲ್ಲಿಯೇ ನಿಂತುಹೋದುದರಿಂದ ಅಂಥ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸದೆ ಇಂಥ ಕೆಲಸಗಳಿಗೆ ಮಾತ್ರ ಇಟ್ಟುಕೊಳ್ಳಬೇಕು.

ಎಲ್ಲರ ರೋಗವೂ ಇದೇ ಆಗಿರಬೇಕಾಗಿಲ್ಲ. ಆಮೇಲಿನ ಲ್ಯಾಪ್‌ಟಾಪುಗಳಲ್ಲಿ ಸಾಟಾ ಎಂಬ ಬೇರೆ ಜೋಡಣೆಯಿರುವುದರಿಂದ ಈ ಪಿ.ಐ.ಓ. ಪ್ರಸಂಗವು ಸಾಮಾನ್ಯವಾಗಿ ಬರುವುದಿಲ್ಲ. ಅಲ್ಲಿ ಡಿಸ್ಕನ್ನು ಮೊದಲು ಸಂದೇಹಿಸಬೇಕು. ಬರ್ನ್, ಎಂದರೆ ಸುಡುವುದು, ಎಂದು ಜನರು ಹೇಳುವುದು ಬರಿಯ ಲಕ್ಷಣಾರ್ಥವಲ್ಲ. ಡಿಸ್ಕಿನೊಳಗಿನ ಬಣ್ಣದ ಪದರವನ್ನು ಲೇಸರಿನ ಶಾಖವು ಮಾರ್ಪಡಿಸುತ್ತದೆ. ಯಾವ ಡಿಸ್ಕಿಗೆ ಎಷ್ಟು ಶಾಖ ಬೇಕೆಂಬುದನ್ನು ಡ್ರೈವು ಡಿಸ್ಕಿನಲ್ಲಿ ಬರೆದಿರುವ ಗುರುತಿನಿಂದ ನಿರ್ಣಯಿಸುತ್ತದೆ. ಗುರುತು ಅಪರಿಚಿತವಾದರೆ ಅನೇಕ ಡ್ರೈವುಗಳು ನಿಧಾನವಾದ ವೇಗವನ್ನೇ ಹಿಡಿಯುತ್ತವೆ. ಹೊರಗಿನಿಂದ ಜೋಡಿಸುವ ಡ್ರೈವಾದರೆ ಯು.ಎಸ್.ಬಿ. ತೂತನ್ನು ನೋಡಬೇಕು. 1.1ರ ಹಳೆಯ ಜೋಡಣೆಯಲ್ಲಿ ಸೆಕೆಂಡಿಗೆ 12 ಮೆಗಾಬಿಟ್ಟೇ ಮೇರೆಯಾದುದರಿಂದ ಅದು ಡಿ.ವಿ.ಡಿ.ಯ ಒಂದು ಪಟ್ಟಿಗೂ ಸಾಲುವುದು ಕಷ್ಟ. ಬ್ಯಾಟರಿಯ ಮೇಲೆ ಬರೆಯಬಾರದು, ಚಾರ್ಜರನ್ನು ಜೋಡಿಸಿಕೊಳ್ಳಬೇಕು.

ಇನ್ನು ಮದುವೆ ಮುಂಜಿಗಳ ವೀಡಿಯೋ ಬರೆಯುವವರು ಒಂದನ್ನು ಅವಶ್ಯವಾಗಿ ಗಮನಿಸಬೇಕು. ಫೋನಿನಿಂದ ತೆಗೆದ ಚಿತ್ರವನ್ನು ಡಿ.ವಿ.ಡಿ. ಪ್ಲೇಯರಿಗೆ ಒಪ್ಪುವ ರೂಪಕ್ಕೆ ಪರಿವರ್ತಿಸುವ ಕೆಲಸವನ್ನೂ ಬರೆಯುವ ಕೆಲಸವನ್ನೂ ಕೆಲವು ತಂತ್ರಾಂಶಗಳು ಒಂದೇ ಗುಂಡಿಯಲ್ಲಿ ಮಾಡುತ್ತವೆ. ಗಂಟೆಗಟ್ಟಲೆ ಹಿಡಿಯುವುದು ಪರಿವರ್ತನೆ. ಅಪಕೀರ್ತಿಯು ಮಾತ್ರ ಡ್ರೈವಿಗೆ. ಬರೆದಾದ ಮೇಲೆ ಸರಿಯಾಗಿದೆಯೇ ಎಂದು ತಾಳೆ ನೋಡುವುದಕ್ಕೂ ಮತ್ತಷ್ಟು ಹೊತ್ತು ಬೇಕು. ಆ ಹೊತ್ತನ್ನು ಉಳಿಸಬೇಡಿರಿ.

ಚಾನೆಲನ್ನು ತೆಗೆದು ಆರಂಭಿಸಿದ ಮೇಲೆ ನಾನು ಎಂಟು ಪಟ್ಟಿನ ಆಸೆಗೆ ಬೀಳದೆ ನಾಲ್ಕನ್ನೇ ಆರಿಸಿಕೊಂಡೆನು. ಹದಿನೈದು ನಿಮಿಷಕ್ಕೆ ಡಿಸ್ಕು ಹೊರಬಂತು. ಮೌಸಿನ ಬಾಣವು ಒಮ್ಮೆಯೂ ಕುಂಟಲಿಲ್ಲ. ಆರತಿಯ ಭಾಗವನ್ನು ಮೂರು ಸಲ ಹಾಕಿ ನೋಡಿದೆನು. ಒಂದು ಸಲ ಪರೀಕ್ಷೆಗೆ. ಕಾಗದವನ್ನು ಅಂಟಿಸಿದರೆ ತೂಕವು ಓರೆಯಾಗುವುದರಿಂದ ಡಿಸ್ಕಿನ ಮೇಲೆ ಮೆದುವಾದ ಮಾರ್ಕರಿನಿಂದಲೇ, ಅಕ್ಕನಿಗೆ ಕಾಣುವಷ್ಟು ದೊಡ್ಡದಾಗಿ, “ಅಮ್ಮ” ಎಂದು ಬರೆದು, ಬಿಸಿಲಿಗಿಡಬೇಡಿರೆಂದು ಹೇಳಿ ನೆಂಟರ ಕೈಗೆ ಕೊಟ್ಟೆನು.

ನರಕಚತುರ್ದಶಿಯ ಮಧ್ಯಾಹ್ನ ಅಕ್ಕನ ಫೋನು ಬಂತು. ಮುಖವು ಪೂರ್ತಿ ತಿಳಿಯಲಿಲ್ಲವಂತೆ. ಆದರೆ ಆರತಿ ತಟ್ಟೆಯನ್ನು ಹಿಡಿದ ಕೈಯನ್ನು ಕಂಡಳಂತೆ, ಹಸಿರು ಬಳೆಗಳು ಚೆನ್ನಾಗಿ ಕಂಡುವಂತೆ. “ಹಾಡಿನಲ್ಲಿ ಎರಡನೇ ನುಡಿ ಅಮ್ಮ ಬಿಟ್ಟುಬಿಟ್ಟಿದಾಳೆ ಕಣೋ, ನಾನು ಇಲ್ಲಿಂದ ಹೇಳಿಕೊಟ್ಟೆ” ಎಂದಳು. ಮಗಳಿಗೊಂದು, ಸೊಸೆಯ ತವರಿಗೊಂದು ಪ್ರತಿ ಬೇಕಂತೆ. ಡಿಸ್ಕುಗಳನ್ನು ತರಲು ಹೊರಟಿದ್ದೇನೆ.